ದೇವಕ್ಕ ಕೊಯ್ಯಲು ಬಿಡದ ಅಂಚು

ಮೂಡಣ ಇನ್ನೂ ಬೆಳ್ಳಗಾಗಿಲ್ಲ. ಯಾದಗಿರಿ ಸ್ಟೇಷನ್ನಿನಿಂದ ಕೂಗಳತೆಯಲ್ಲಿರುವ ಬಾಷುಮಿಯಾನ ಫೋಟೊ ಅಂಗಡಿಯ ಹಿತ್ತಲಲ್ಲಿ ದೇವಕ್ಕ ಮಣ್ಣಿನ ಹರವಿಯ ಬಾಯಿಗೆ ಕಟ್ಟಿದ ಅರಿವೆ ಬಿಚ್ಚಿ, ಒಂದು ಬೊಗಸೆ ನೀರು ಕುಡಿದು ನೋಡುತ್ತಾಳೆ. ಬಾಯಾರಿಕೆಗಲ್ಲ, ಪರೀಕ್ಷೆಗೆ. ಆಮೇಲೆ ಮಣಿಕಟ್ಟಿನವರೆಗೆ ಕೈ ಅದ್ದಿ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಹಿಂದಿನ ಸಂಜೆ ಭೀಮಾ ಹೊಳೆಯಿಂದ ಬಂಡಿಯಲ್ಲಿ ತಂದ ಹನ್ನೊಂದು ಕೊಡ ನೀರು ರಾತ್ರಿಯಿಡೀ ಹರವಿಗಳಲ್ಲಿ ಕೂತು ತಣ್ಣಗಾಗಿದೆ. ಇನ್ನೆರಡು ತಾಸು ಕಳೆದರೆ ಬಿಸಿಲು ಏರುತ್ತದೆ, ನೀರು ಕಾಯುತ್ತದೆ, ಆಗ ಈ ಕೆಲಸ ಮಾಡುವಂತಿಲ್ಲ.

“ಬಾವಿ ನೀರು ನಡೆಯಂಗಿಲ್ಲೇನು?” ಎಂದು ನಾನು ಕೇಳಿದರೆ ಆಕೆಗೆ ನಗು.

“ಊರಾಗಿನ ಬಾವಿ ನೀರು ಸವುಳ್ರಿ. ಗಾಜು ತೊಳೆದು ಇಟ್ರ ಅದರ ಮ್ಯಾಲ ಬೆಳ್ಳಗ ತನ್ನ ರುಜು ಹಾಕಿ ಹೋಗ್ತದ. ಹೊಳಿ ನೀರಿಗೆ ಅಷ್ಟು ಸೊಕ್ಕಿಲ್ಲ. ಬರ್ತದ, ತೊಳಿತದ, ಹೋಗ್ತದ.”

ಅಂಗಡಿಯ ಹಿಂದೆ ಎರಡು ಮಂಚದಷ್ಟು ಅಗಲದ ಒಂದು ಕೋಣೆ. ಕಿಟಕಿ ಇಲ್ಲ. ಬಾಗಿಲಿಗೆ ಎರಡು ಪದರು ಕರಿ ಕಂಬಳಿ. ಒಳಗೆ ಮೂಲೆಯಲ್ಲಿ ಕೆಂಪು ಗಾಜಿನ ಕಂದೀಲು, ಹಲಗೆಯ ಮೇಲೆ ನಾಲ್ಕು ಪಿಂಗಾಣಿ ತಬಕು. ಒಂದರಲ್ಲಿ ಚಿತ್ರ ಹೊರಡಿಸುವ ಔಷಧಿ (ಇವರು ಅದಕ್ಕೆ ‘ದವಾ’ ಎನ್ನುತ್ತಾರೆ), ಎರಡರಲ್ಲಿ ಬರೀ ನೀರು, ನಾಲ್ಕನೆಯದರಲ್ಲಿ ಚಿತ್ರವನ್ನು ನಿಲ್ಲಿಸುವ ಹೈಪೊ. ಅಂಗಡಿಯ ಬೋರ್ಡಿನ ಮೇಲೆ ಉರ್ದುವಿನಲ್ಲಿ ಬಾಷುಮಿಯಾನ ಹೆಸರಿದೆ. ಕ್ಯಾಮೆರಾ ಅವನದು, ಗಿರಾಕಿಗಳು ಕೈ ಮುಗಿಯುವುದು ಅವನಿಗೆ. ಆದರೆ ಶಹಾಪುರ, ಸುರಪುರ, ಕೆಂಭಾವಿಯ ಗೋಡೆಗಳ ಮೇಲೆ ಅವನ ಹೆಸರಿನಲ್ಲಿ ತೂಗುತ್ತಿರುವ ಒಂದೊಂದು ಮುಖವೂ ಹುಟ್ಟಿದ್ದು ಈ ಕೋಣೆಯಲ್ಲಿ, ಈ ಹೆಣ್ಣುಮಗಳ ಕೈಯಲ್ಲಿ. ಕೈ ಕೆಸರಾದರೆ ಬಾಯಿ ಮೊಸರಂತೆ. ಇಲ್ಲಿ ಕೈ ಮಸಿಯಾದವರು ಒಬ್ಬರು, ಮೊಸರು ಉಂಡವರು ಇನ್ನೊಬ್ಬರು! ಬಾಷುಮಿಯಾ ಒಳ್ಳೆಯ ಮನುಷ್ಯ, ಈ ಮಾತು ಓದಿದರೆ ಅವನೂ ಇಲ್ಲವೆನ್ನಲಾರ.

ಇವತ್ತು ಆಕೆಯ ಕೈಗೆ ಬಂದಿರುವುದು ಕೆಂಭಾವಿಯಲ್ಲಿ ಚಿತ್ರ ಹಿಡಿದ ಗಾಜಿನ ಪ್ಲೇಟು.

ಈ ಸೀಮೆಯಲ್ಲಿ ಬದುಕಿದ್ದಾಗ ಫೋಟೊ ತೆಗೆಸಿಕೊಂಡವರು ಕಡಿಮೆ. ತೆಗೆಸಿದರೆ ಆಯುಷ್ಯ ಸೋರುತ್ತದೆ ಎಂಬ ಅಂಜಿಕೆ. ಸತ್ತ ಮೇಲೆ ಆ ಅಂಜಿಕೆ ಎಲ್ಲಿಯದು! ಹೆಣವನ್ನು ಕುರ್ಚಿಯಲ್ಲಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ, ಮನೆಮಂದಿ ಸುತ್ತ ನಿಂತು ಫೋಟೊ ತೆಗೆಸುತ್ತಾರೆ. ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸುತ್ತಾರೆ. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ, ಅದೇ ಕೊನೆ. ಮಣ್ಣು ಮಾಡಿ ಬಂದ ಮೇಲೆ ಎರಡೂ ಹೋಗುತ್ತವೆ.

ಮೊನ್ನೆ ಕೆಂಭಾವಿಯ ಸಂತೆಗೆ ಕ್ಯಾಮೆರಾ ಹೊತ್ತು ಹೋಗಿದ್ದ ಬಾಷುಮಿಯಾನನ್ನು ಈಶಪ್ಪ ಎಂಬ ರೈತನ ಮನೆಯವರು ಬಂದು ಕರೆದೊಯ್ದರು. ಈಶಪ್ಪ ಆವತ್ತು ಬೆಳಿಗ್ಗೆ ತೀರಿಕೊಂಡಿದ್ದ. ನಡುವೆ ಈಶಪ್ಪ, ಬಲಕ್ಕೆ ನಿಂತ ಮಕ್ಕಳು, ಎಡ ತುದಿಯಲ್ಲಿ ಹೆಂಡತಿ ಮೋನಮ್ಮ. ಯುದ್ಧ ಶುರುವಾದಾಗಿನಿಂದ ಹೈದರಾಬಾದಿನಿಂದ ಪ್ಲೇಟು ಬರುವುದೇ ದುರ್ಲಭ, ಒಂದು ಮನೆಗೆ ಒಂದೇ ಪ್ಲೇಟು ಎಂದು ಬಾಷುಮಿಯಾನ ಕಟ್ಟಪ್ಪಣೆ. ಆ ಒಂದನ್ನು ತಗಡಿನ ಡಬ್ಬಿಯಲ್ಲಿಟ್ಟು, ಬಿರುಬಿಸಿಲಿನಲ್ಲಿ ಬಂಡಿಯಲ್ಲಿ ಶಹಾಪುರಕ್ಕೂ, ಅಲ್ಲಿಂದ ಮೋಟಾರಿನಲ್ಲಿ ಯಾದಗಿರಿಗೂ ತಂದಿದ್ದಾನೆ. ಈಶಪ್ಪ ಈಗ ಮಣ್ಣಿನಲ್ಲಿದ್ದಾನೆ. ಈ ಗಾಜು ಕೆಟ್ಟರೆ ಇನ್ನೊಂದು ತೆಗೆಯಲು ಯಾರೂ ಕೂತಿಲ್ಲ.

ದೇವಕ್ಕ ಕಂಬಳಿ ಎಳೆದು, ಗಾಜನ್ನು ದವಾದಲ್ಲಿ ಇಳಿಸಿ ಎಣಿಸಲು ಶುರು ಮಾಡುತ್ತಾಳೆ. “ಲಾಭ, ಎರಡ, ಮೂರ, ನಾಕ…” ರಾಶಿಯಲ್ಲಿ ಜೋಳ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತಾರಲ್ಲ, ಅದೇ ಲೆಕ್ಕ. ಕೋಣೆಯಲ್ಲಿ ಗಡಿಯಾರವಿಲ್ಲ. ಇನ್ನೂರು ಎಣಿಸುವಷ್ಟರಲ್ಲಿ ಮುಖ ಬರಬೇಕು. ಮೊದಲು ಗಾಜಿನ ನಡುವೆ ಒಂದು ಕರಿ ಮಚ್ಚೆ. ಅದು ವಿಭೂತಿ. ಗಾಜಿನಲ್ಲಿ ಎಲ್ಲ ಉಲ್ಟಾ, ಬಿಳಿಯದು ಕರಿ, ಕರಿಯದು ಬಿಳಿ. ಆಮೇಲೆ ರುಮಾಲು, ಮೀಸೆ.

“ಬರ್ರಿ ಗೌಡ್ರ, ಬರ್ರಿ,” ಎನ್ನುತ್ತಾಳೆ ದೇವಕ್ಕ, ಬಾಗಿಲಿಗೆ ಬಂದ ಬೀಗರನ್ನು ಕರೆದಂತೆ. ಬಂದ ಪ್ರತಿ ಮುಖವನ್ನೂ ಆಕೆ ಹೀಗೇ ಕರೆಯುವುದು. “ಮೀಸಿ ನೋಡ್ರಿ, ಎಷ್ಟು ಕರ್ರಗ ಅವ! ಬೆಳ್ಳಗಿದ್ದವಂತ. ಸತ್ತ ಮ್ಯಾಲ ಹರೇ ಬಂದದ ಯಜಮಾನಗ.”

ದೇವಕ್ಕ ಭೀಮೆಯ ದಂಡೆಯವಳು. ಅಪ್ಪ ಅಂಬಿಗ, ಗಂಡ ಹಣಮಂತ್ರಾಯನೂ ಬಲೆ ಬೀಸುವವನೇ. ಹನ್ನೊಂದು ವರ್ಷದ ಹಿಂದೆ ಹೊಳೆ ತುಂಬಿ ಬಂದಾಗ ದೋಣಿ ಮಗುಚಿ ಹಣಮಂತ್ರಾಯ ಹೋದ. ಆಗ ಆಕೆಗೆ ಇಪ್ಪತ್ತೈದರ ಆಸುಪಾಸು, ಮಗಳು ಸುಗಲಮ್ಮ ಆರು ವರ್ಷದವಳು. ಮೀನಿನ ಬುಟ್ಟಿ ಹೊತ್ತು ಕೆಲವು ದಿನ ತಿರುಗಿದಳು. ಆಮೇಲೆ ಅಂಗಡಿಗೆ ಹೊಳೆನೀರು ತರಲು ಬಾಷುಮಿಯಾ ಕರೆದ. ಆರು ತಿಂಗಳು ಆಕೆ ಈ ಕೋಣೆಯ ಹೊಸ್ತಿಲು ದಾಟಿರಲಿಲ್ಲ.

ದಾಟಿದ್ದು ಚಳಿಜ್ವರದ ದೆಸೆಯಿಂದ. ಜ್ವರ ಬಾಷುಮಿಯಾನಿಗೆ. ತಹಶೀಲ ಕಚೇರಿಯ ಗುಮಾಸ್ತರೆಲ್ಲ ಸಾಲಾಗಿ ಕೂತು ತೆಗೆಸಿದ ಪ್ಲೇಟು ದವಾದಲ್ಲಿ ಬಿದ್ದಿತ್ತು, ಅವನಿಗೆ ಹಲ್ಲು ಕಟಕಟ. ಗೋಡೆಗೆ ಒರಗಿ ಅವನು ಹೇಳಿದಂತೆ ಈಕೆ ಮಾಡಿದಳು.

“ಅರೇ, ನಾನು ಹೇಳಿದ್ದು ಅರ್ಧ,” ಎನ್ನುತ್ತಾನೆ ಬಾಷುಮಿಯಾ. “ಆಮ್ಯಾಲ ಬೇಹೋಶ್ ಆಗಿ ಬಿದ್ದೆ. ಎದ್ದು ನೋಡ್ತೀನಿ, ಗಾಜು ತೊಳೆದು, ಒಣಗಿಸಿ ಇಟ್ಟಾಳ. ಹದಿನಾಲ್ಕು ಮಂದಿ ಗುಮಾಸ್ತರು, ಹದಿನಾಲ್ಕೂ ಮೂಗು ಸಾಫ್! ನನ್ನ ಕೈಲೆ ಎಂದೂ ಹಂಗ ಬಂದಿದ್ದಿಲ್ಲ. ಖುದಾನ ಆಣಿ.”

ಅವತ್ತಿನಿಂದ ಕೋಣೆ ಆಕೆಯದು. ಮೊದಲೆಲ್ಲ ವಾರಕ್ಕೆ ಇಪ್ಪತ್ತು ಪ್ಲೇಟು, ಮದುವೆಯ ಕಾಲದಲ್ಲಿ ನಲವತ್ತು. ಯುದ್ಧದಿಂದಾಗಿ ಈ ವರ್ಷ ಹತ್ತು ದಾಟಿಲ್ಲ. ಒಂದೊಂದು ಗಾಜಿಗೆ ಒಂದು ಕೊಡ ನೀರು. ಹೊರಗೆ ಬಿಸಿಲು ಸುಡುತ್ತಿರುವಾಗ ಕಂಬಳಿಯೊಳಗೆ ಕಂದೀಲಿನ ಜಳ, ಮೈಯೆಲ್ಲ ಬೆವರು, ಒಂದು ಹನಿ ಗಾಜಿನ ಮೇಲೆ ಬಿದ್ದರೆ ಯಾರದೋ ಕೆನ್ನೆ ಹೋಯಿತು. ದವಾದ ಉರಿಗೆ ಬೆರಳ ಸಂದಿಯ ಚರ್ಮ ಬಿರಿಯುತ್ತದೆ. ರಾತ್ರಿ ಕುಸುಬೆ ಎಣ್ಣೆ ಸವರಿಕೊಂಡು ಮಲಗುತ್ತಾಳೆ. ಉಗುರುಗಳಂತೂ ಕಪ್ಪು ಕಲ್ಲಿನ ಚೂರುಗಳೇ. “ರೊಟ್ಟಿ ಬಡದ್ರ ಮಂದಿ ಉಣ್ಣಾಕ ಹಿಂದಮುಂದ ನೋಡ್ತಾರ್ರಿ,” ಎಂದು ಕೈ ಮುಂದೆ ಚಾಚಿ ತೋರಿಸುತ್ತಾಳೆ. “ತೊಳದ್ರ ಹೋಗಂಗಿಲ್ಲ ಅಂದ್ರ ಯಾರು ನಂಬ್ತಾರ?”

ಇನ್ನೊಂದು ಕಷ್ಟ ಉಗುರಿಗಿಂತ ಒಳಗಿನದು. ಮದುವೆಯ ಗಿರಾಕಿಗಳು ಬಂದಾಗ ದೇವಕ್ಕ ಮುಂದಿನ ಕೋಣೆಗೆ ಬರುವಂತಿಲ್ಲ. ಮದುಮಕ್ಕಳ ಫೋಟೊವನ್ನು ರಂಡೆ ಹೆಂಗಸು ಮುಟ್ಟಿದಳೆಂದು ತಿಳಿದರೆ ಗಿರಾಕಿ ಮೆಟ್ಟಿಲಿಳಿದು ಹೋಗುತ್ತಾನೆ. ಚಿತ್ರಗಳಿಗೆ ಬಣ್ಣ ಹಚ್ಚುವ ಕೆಲಸ ಎಲ್ಲರೆದುರು ನಡೆಯುವಂಥದ್ದು, ಅದನ್ನು ಬಾಷುಮಿಯಾನೇ ಮಾಡುತ್ತಾನೆ. ಎಂಥ ನ್ಯಾಯ ನೋಡಿ! ಮುಖ ಹುಟ್ಟಿಸಿದವಳು ಕಂಬಳಿಯ ಹಿಂದೆ ನಿಲ್ಲಬೇಕು.

ಇನ್ನೂರು ಎಣಿಕೆ ಮುಗಿಯಿತು. ಈಶಪ್ಪ ಬಂದ, ಮಕ್ಕಳು ಬಂದರು, ಕೊನೆಗೆ ತುದಿಯಲ್ಲಿ ಮೋನಮ್ಮನೂ ಬಂದಳು. ನೀರು, ಹೈಪೊ, ಮತ್ತೆ ನೀರು. ಚಿತ್ರ ನಿಂತಿತು. ಇನ್ನು ಬೆಳಕಿಗೆ ಅಂಜಬೇಕಿಲ್ಲ. ದೇವಕ್ಕ ಕಂಬಳಿ ಸರಿಸಿ, ತಬಕನ್ನು ಬಾಗಿಲಿಗೆ ತಂದು ಕೊನೆಯ ತೊಳೆತಕ್ಕೆ ಕೂರುತ್ತಾಳೆ. ಕೂತವಳ ಕೈ ಹಾಗೇ ನಿಂತುಹೋಗುತ್ತದೆ.

“ಅಯ್ಯ ಶಿವನ.”

ಗಾಜಿಗೆ ಅಂಟಿರುವ ಚಿತ್ರದ ಪೊರೆ ಎಡ ಅಂಚಿನಲ್ಲಿ ಎದ್ದಿದೆ. ಕಾಯಿಸಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ, ನೀರು ಅಲುಗಿದಾಗಲೆಲ್ಲ ಅಲುಗುತ್ತಿದೆ. ಬಂಡಿಯ ಬಿಸಿಲು, ಮೋಟಾರಿನ ಬಿಸಿ ಡಬ್ಬಿಯೊಳಗೇ ತನ್ನ ಕೆಲಸ ಮಾಡಿದೆ. ಒಂದು ಬೆರಳಗಲ. ಆ ಒಂದು ಬೆರಳಗಲದಲ್ಲಿ ಮೋನಮ್ಮ ಇದ್ದಾಳೆ.

ಬೆಳಗಿನ ನಮಾಜು ಮುಗಿಸಿ ಬಂದ ಬಾಷುಮಿಯಾ ಒಮ್ಮೆ ಬಗ್ಗಿ ನೋಡಿ ಅಂಗಡಿಯಿಂದ ಕ್ಷೌರದ ಅಲಗು ತರುತ್ತಾನೆ. ಈ ಕಸುಬಿನಲ್ಲಿ ಇದಕ್ಕೆ ಇರುವುದು ಒಂದೇ ಮದ್ದು. ಎದ್ದ ಭಾಗವನ್ನು ಕೊಯ್ದು ಬಿಡಬೇಕು. ಇಲ್ಲದಿದ್ದರೆ ಅದು ಹರಿಯುತ್ತಾ ನಡುವಿಗೆ ಹೋಗಿ ಇಡೀ ಚಿತ್ರವನ್ನು ಎಳೆದುಕೊಂಡು ಹೋಗುತ್ತದೆ.

“ಕೊಯ್ದು ಬಿಡು ದೇವಕ್ಕ, ಜಲ್ದಿ. ಮುದುಕ ಉಳಿದ್ರ ಬಸ್. ಅವರು ಕೇಳಿದ್ದೇ ಮುದುಕನ ಫೋಟೊ.”

“ಈಕಿ?”

“ಈಕಿ ಬದುಕ್ಯಾಳಲ್ಲ. ಯಾವಾಗಾದ್ರೂ ತೆಗಿಬಹುದು.”

“ಯಾವಾಗ ತೆಗಿತೀರಿ ಸಾಹೇಬ್ರ?” ದೇವಕ್ಕನ ದನಿ ಏರುತ್ತದೆ. “ಹಣಿ ಮ್ಯಾಲ ಕುಂಕುಮ ಇಟ್ಕೊಂಡು, ಗಂಡನ ಬಾಜೂಕ ಕುಂತಾಗ ಇನ್ನೊಮ್ಮಿ ಯಾವಾಗ ತೆಗಿತೀರಿ? ಮೊನ್ನಿ ಸಂಜಿಗೇ ಒರಸ್ಯಾರ. ಬಳಿ ಒಡದಾರ. ಈಕಿ ಹಂಗ ಇದ್ದದ್ದು ಇನ್ನ ಈ ಗಾಜಿನ್ಯಾಗ ಮಾತ್ರ ಅದ.”

“ಹರಿದ್ರ ಎರಡೂ ಹೋಗ್ತಾವ! ಆ ಮಂದಿಗೆ ನಾನೇನು ಜವಾಬ್ ಕೊಡ್ಲಿ?”

“ದೇವಕ್ಕ ಕೆಡಸಿದ್ಲು ಅನ್ರಿ. ನಾಳಿಂದ ನನ್ನ ಕೆಲಸದಾಗ ಇಟ್ಕೋಬ್ಯಾಡ್ರಿ. ಅಲಗು ಮಾತ್ರ ಆ ಕಡಿ ಇಡ್ರಿ.”

ಬಾಷುಮಿಯಾ ಅಲಗು ಹಿಡಿದೇ ನಿಂತ. ಹನ್ನೊಂದು ವರ್ಷದಲ್ಲಿ ಆಕೆ ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೊನೆಗೆ ಅಲಗನ್ನು ಜೇಬಿಗೆ ಹಾಕಿಕೊಂಡು, ಹೊಸ್ತಿಲ ಮೇಲೆ ಕೂತುಬಿಟ್ಟ.

ದೇವಕ್ಕ ತಣ್ಣನೆಯ ಹರವಿಯ ತಳದ ನೀರಿಗೆ ಪಟಿಕದ ಪುಡಿ ಕದಡುತ್ತಾಳೆ. ಕ್ಷೌರಿಕರು ಕೆನ್ನೆಗೆ ಉಜ್ಜುವ ಅದೇ ಪಟಿಕ, ಸಡಿಲಾದ ಪೊರೆಯನ್ನು ಬಿಗಿಸುತ್ತದೆ. ಗಾಜನ್ನು ಎರಡೂ ಅಂಗೈಯಲ್ಲಿ ಹೊತ್ತು, ನೀರಿನಿಂದ ಮೇಲೆತ್ತದೆಯೇ ಪಟಿಕದ ನೀರನ್ನು ಅದೇ ತಬಕಿಗೆ ಹನಿಹನಿಯಾಗಿ ಬಿಡಿಸುತ್ತಾಳೆ. ಬಿಡುವವನು ಬಾಷುಮಿಯಾ, ಚೊಂಬು ಅವನ ಕೈಗೆ ಬಂದಿದೆ. ಪೊರೆ ಅಲೆಯಂತೆ ಎದ್ದು ಬೀಳುತ್ತದೆ. ಆಕೆ ಮುಟ್ಟುವುದಿಲ್ಲ. ಉಸಿರೂ ಗಟ್ಟಿಯಾಗಿ ಬಿಡುವುದಿಲ್ಲ.

“ಬಲಿ ಕಲ್ಲಿಗೆ ಸಿಕ್ರ ಜಗ್ಗಬಾರದ್ರಿ,” ಎಂದಳು ಆಮೇಲೆ, ಇದನ್ನು ಹೇಗೆ ಕಲಿತೆ ಎಂದು ನಾನು ಕೇಳಿದಾಗ. “ನಮ್ಮಪ್ಪ ಹೇಳ್ತಿದ್ದ. ಜಗ್ಗಿದ್ರ ಹರಿತದ. ಸಡಲ ಬಿಟ್ಟು ಕುಂದರಬೇಕು. ನೀರೇ ಬಿಡಸ್ತದ, ನೀರೇ ಕೂಡಸ್ತದ.”

ಬಿಸಿಲು ಹೊಸ್ತಿಲಿಗೆ ಬಂತು. ಹೊಸ್ತಿಲಿನಿಂದ ಒಳಗೆ ಬಂತು. ಆಕೆ ಕೂತಲ್ಲಿಂದ ಕದಲಿಲ್ಲ. ತೋಳು ನಡುಗತೊಡಗಿದಾಗ ಮೊಳಕೈಗಳನ್ನು ಮೊಣಕಾಲಿಗೆ ಊರಿಕೊಂಡಳು. ತಬಕಿನ ಸುತ್ತ ಬಾಷುಮಿಯಾ ತೊಯ್ದ ಗೋಣಿ ಸುತ್ತಿದ. ಸುಕ್ಕು ಒಂದೊಂದಾಗಿ ಇಳಿಯಿತು. ಇನ್ನೇನು ಕೂತಿತು ಎನ್ನುವಾಗ ಸ್ಟೇಷನ್ನಿನಲ್ಲಿ ಗಾಡಿ ಬಂದು ನೆಲ ಅದುರಿತು, ಅಂಚು ಮತ್ತೆ ಎದ್ದಿತು. ಬಾಷುಮಿಯಾ “ಯಾ ಅಲ್ಲಾ!” ಎಂದು ತಲೆ ಹಿಡಿದುಕೊಂಡ. ದೇವಕ್ಕ ಮತ್ತೆ ಮೊದಲಿನಿಂದ, “ಲಾಭ, ಎರಡ, ಮೂರ…” ಎಂದು ಎಣಿಸಿದಳು. ಈ ಸಲ ಎಷ್ಟರವರೆಗೆ ಎಣಿಸಿದಳೋ ಆಕೆಗೇ ಲೆಕ್ಕ ತಪ್ಪಿತು. ಕಡೆಗೆ ಒಂದು ಕೋಳಿಪುಕ್ಕ ತೆಗೆದುಕೊಂಡು, ನಡುವಿನಿಂದ ಅಂಚಿಗೆ ಒಂದೇ ಒಂದು ಸಲ ಸವರಿ, ಗಾಜನ್ನು ಸಮನಾಗಿ ಮೇಲೆತ್ತಿದಳು. ಪೊರೆ ಗಾಜಿಗೆ ಕೂತಿತ್ತು. ಮೋನಮ್ಮನ ಭುಜದ ಮೇಲೆ ಕೂದಲೆಳೆಯಷ್ಟು ಒಂದು ಗೆರೆ ಉಳಿದಿತ್ತು, ಅಷ್ಟೇ.

ಗಾಜನ್ನು ನೆರಳಲ್ಲಿಟ್ಟು, ಧೂಳು ಕೂರದಂತೆ ಬುಟ್ಟಿ ಮುಚ್ಚಿ, ಆಕೆ ಅಲ್ಲೇ ನೆಲಕ್ಕೆ ಒರಗಿದಳು. ಬಾಷುಮಿಯಾ ಸ್ಟೇಷನ್ನಿನಿಂದ ತಾನೇ ಚಹಾ ತಂದುಕೊಟ್ಟ. ಅದೂ ಹನ್ನೊಂದು ವರ್ಷದಲ್ಲಿ ಮೊದಲು.

ಹದಿನೈದು ದಿನಗಳ ಮೇಲೆ ಅಂಗಡಿಯ ಮುಂದೆ ಬಂಡಿ ನಿಂತಿತು. ದಿನಕರ್ಮ ಮುಗಿದ ಮೇಲೆ ಗಂಡ ಸತ್ತವಳನ್ನು ತವರಿಗೆ ಕರೆದೊಯ್ಯುವ ಪದ್ಧತಿ. ಮೋನಮ್ಮನ ತವರು ಯಾದಗಿರಿಯ ಆಚೆಯ ಹಳ್ಳಿ. ಮಗ ಅಂಬಣ್ಣ ಫೋಟೊ ಒಯ್ಯಲು ಇಳಿದರೆ, ತಾಯಿಯೂ ಹಿಂದೆಯೇ ಇಳಿದುಬಂದಳು. ಬೋಳು ಹಣೆ, ಬೋಳು ಕೈ. ಕಂಬಳಿಯ ಸಂದಿಯಿಂದ ದೇವಕ್ಕ ನೋಡುತ್ತಿದ್ದಳು.

ಬಾಷುಮಿಯಾ ಕಾಗದದ ಮೇಲೆ ಇಳಿಸಿದ ಚಿತ್ರವನ್ನು ಮುಂದಿಟ್ಟ. ಅಂಬಣ್ಣ ಅಪ್ಪನನ್ನು ನೋಡಿ ಬಾಯಿಗೆ ಪಂಜೆಯ ಸೆರಗು ಹಿಡಿದ. ಮೋನಮ್ಮ ಮಾತ್ರ ಚಿತ್ರದ ತುದಿಯಲ್ಲಿದ್ದ ತನ್ನನ್ನೇ ನೋಡುತ್ತ, ತನಗೆ ತಾನೇ ಎಂಬಂತೆ ಹೇಳಿದಳು: “ಮೂವತ್ತು ವರ್ಷ ಬಾಳೇವು ಮಾಡ್ದೆ. ಅತ್ತಿ, ಮಾವ, ಮಂದಿ… ಗಂಡನ ಬಾಜೂಕ ಎಂದೂ ಕುಂತಾಕಿಯಲ್ಲ. ಇದೊಂದ ದಿನ ಕುಂತೆ.”

“ನಿಮ್ಮ ಕೈ ಭಾಳ ದೊಡ್ಡದ್ರಿ ಸಾಹೇಬ್ರ,” ಎಂದ ಅಂಬಣ್ಣ.

ಬಾಷುಮಿಯಾ ಅಡ್ಡ ತಲೆಯಾಡಿಸಿದ. ಸುಮ್ಮನೆ ಹೂಂ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. “ನನ್ನ ಕೈ ಅಲ್ಲಪ್ಪ. ಸಚ್ ಹೇಳ್ತೀನಿ, ಅಮ್ಮನ ಕಡಿ ಕೆಟ್ಟು ಎದ್ದು ಬಂದಿತ್ತು. ನಾನು ಕೊಯ್ದು ಒಗಿ ಅಂದೆ. ಒಳಗ ಒಬ್ಬಾಕಿ ಅದಾಳ, ಆಕಿ ಕೇಳ್ಲಿಲ್ಲ. ಅರ್ಧ ದಿನ ಕೈಯಾಗ ಹಿಡಕೊಂಡು ಕುಂತ್ಲು. ಏ ದೇವಕ್ಕ, ಬಾ ಹೊರಗ.”

ದೇವಕ್ಕ ಬಂದಳು, ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಇಬ್ಬರು ಹೆಂಗಸರೂ ಒಬ್ಬರ ಹಣೆಯನ್ನೊಬ್ಬರು ನೋಡಿದರು.

ಆಮೇಲೆ ಮೋನಮ್ಮ ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು: “ಇದ್ಯಾಕ ಕುಂಕುಮ ಕರ್ರಗ ಬಂದದ?”

ಈ ಪ್ಲೇಟುಗಳ ಗುಣವೇ ಹಾಗೆ. ಅವಕ್ಕೆ ಕೆಂಪು ಕಾಣಿಸುವುದಿಲ್ಲ. ಅದಕ್ಕೇ ಕತ್ತಲ ಕೋಣೆಯಲ್ಲಿ ಕೆಂಪು ದೀಪ ನಡೆಯುತ್ತದೆ, ಅದಕ್ಕೇ ಕುಂಕುಮ ಕಪ್ಪಾಗುತ್ತದೆ. ಬಾಷುಮಿಯಾ ಬಣ್ಣದ ಡಬ್ಬಿ ತೆರೆದು, ಕೆಂಪು ಕಲಸಿ, ಸಣ್ಣ ಕುಂಚ ಎತ್ತಿಕೊಂಡ.

“ಬ್ಯಾಡ ಬಿಡವ್ವ,” ಎಂದ ಅಂಬಣ್ಣ. “ಈಗ್ಯಾಕ? ಮಂದಿ ಏನಂದಾರು.”

“ಅವತ್ತು ಇತ್ತಿಲ್ಲೋ? ಇದ್ದದ್ದು ಇದ್ದಂಗ ಇರಲಿ,” ಎಂದಳು ಮೋನಮ್ಮ. ಕುಂಚ ಹಿಡಿದ ಬಾಷುಮಿಯಾನ ಕೈಗೆ ಅಡ್ಡ ಕೈ ಇಟ್ಟಳು. “ನೀವಲ್ರಿ ಸಾಹೇಬ್ರ. ಆಕಿ ಹಚ್ಚಲಿ.”

ದೇವಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. “ನಾನ? ಯವ್ವಾ, ನಾ ಹಚ್ಚಬಾರದು. ನನಗ ಇಲ್ಲ.”

“ನನಗರ ಎಲ್ಲಿ ಅದ? ಹಚ್ಚು ಬಾ.”

ಆಕೆ ಕುಂಚ ಮುಟ್ಟಲಿಲ್ಲ. ಕಪ್ಪುಗಟ್ಟಿದ ಉಂಗುರ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಬೆರಳು ದಪ್ಪ, ಚಿತ್ರದ ಹಣೆ ಜೋಳದ ಕಾಳಿನಷ್ಟು. ಅಂಗಳದ ಬೇವಿನ ಕಡ್ಡಿ ಮುರಿದು ತಂದು, ತುದಿಯನ್ನು ಕೆಂಪಿನಲ್ಲಿ ಅದ್ದಿ, ಉಸಿರು ಹಿಡಿದು ಇಟ್ಟಳು. ಒಂದೇ ಚುಕ್ಕೆ.

ಬಂಡಿ ತವರಿನ ಹಾದಿ ಹಿಡಿದು ಮರೆಯಾಗುವವರೆಗೂ ದೇವಕ್ಕ ಮುಂಬಾಗಿಲಲ್ಲೇ ನಿಂತಿದ್ದಳು. ಬಾಷುಮಿಯಾ ಒಳಗೆ ಹೋಗು ಎನ್ನಲಿಲ್ಲ. ನಿನಗೇನಾದರೂ ಆಸೆ ಉಂಟೇ ಎಂದು ನಾನು ಕೇಳಿದರೆ, ಕಡ್ಡಿಯ ತುದಿಯ ಕೆಂಪನ್ನು ನೋಡುತ್ತ ಹೇಳಿದಳು:

“ಆಸಿ ಏನ್ರಿ… ಹೋದ ವರ್ಷ ಕೊಡೇಕಲ್ಲಿಗೆ ಮಗಳ್ನ ಕೊಟ್ಟೆ. ಲಗ್ನದಾಗ ಆಕಿ ಹಣಿಗೆ ಕುಂಕುಮ ನಾ ಹಚ್ಚಲಿಲ್ಲ. ನಮ್ಮ ಅತ್ತಿಗಿ ಹಚ್ಚಿದ್ಲು. ನಾ ಒಲಿ ಮುಂದ ಕುಂತಿದ್ದೆ. ಹನ್ನೊಂದು ವರ್ಷದ ಮ್ಯಾಲ ಇವತ್ತು ಹಚ್ಚೀನ್ರಿ.” ನಾಚಿಕೊಂಡವಳಂತೆ ಕೇಳಿದಳು: “ಗುಂಡಗ ಕುಂತಿತ್ತಲ್ರಿ?”